ಒಣ ಸೀಸೆಯ ಸಾಂದ್ರತೆ

ಎರಡು ವರ್ಷದ ಹಿಂದೆ, ಕೊಡಗಿನ ಸುಗ್ಗಿಯ ಹಬ್ಬ ಪುತ್ತರಿ ಕಳೆದು ಬಂದ ಎರಡನೆಯ ಗುರುವಾರ, ನನ್ನ ಅತ್ತೆ ಪೂವಮ್ಮನವರ ಎದೆಯ ಸಿ.ಟಿ. ಸ್ಕ್ಯಾನ್ ಆಯಿತು. ಅವರ ಸೊಂಟಕ್ಕೆ ಕಟ್ಟಿದ್ದ ಒಂದು ಗಾಜಿನ ಸೀಸೆಯೂ ಆ ಚಿತ್ರದಲ್ಲಿ ಬಂತು. ಚಿತ್ರದಲ್ಲಿ ಸೀಸೆಯ ತುಂಬ ನೀರಿತ್ತು. ಬಿಚ್ಚಿ ತೆಗೆದು ನೋಡಿದಾಗ ಸೀಸೆ ಒಣಗಿತ್ತು. ಅದರ ಅರಗಿನ ಮೊಹರು ಒಡೆದಿರಲಿಲ್ಲ.

ಇಂಥದ್ದನ್ನು ಬೇರೆ ಯಾರಾದರೂ ಬರೆದು ಕಳಿಸಿದ್ದರೆ ನಾನು ಅಚ್ಚಿಗೆ ಬಿಡುತ್ತಿರಲಿಲ್ಲ. ಈ ಜಿಲ್ಲೆಯ ವರದಿಗಾರನಾಗಿ ನನಗೆ ಇಪ್ಪತ್ತು ವರ್ಷ ದಾಟಿದೆ. ದೇವರ ಕಣ್ಣಲ್ಲಿ ನೀರು ಬಂತು ಎಂದು ಫೋನ್ ಬಂದಾಗ ನಾನು ಮೊದಲು ನೋಡುವುದು ಗುಡಿಯ ಸೂರನ್ನು. ಒಡೆದ ಹೆಂಚು ಸಿಕ್ಕಿದರೆ ಅದರ ಫೋಟೋ ತೆಗೆದು ತರುತ್ತೇನೆ. ಎರಡು ಕಡೆಯಿಂದ ಖಚಿತವಾಗದ ಮಾತನ್ನು ಬರೆಯಬಾರದು ಎಂದು ಕಲಿತು ಬೆಳೆದವನು ನಾನು. ಕಾಣದ್ದನ್ನು ಕಂಡೆ ಎನ್ನುವವರ ಬಗ್ಗೆ ನನಗೆ ಸಿಟ್ಟಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಅವರು ಸರಿಯಾಗಿ ನೋಡಿಲ್ಲ ಎಂದುಕೊಳ್ಳುತ್ತಿದ್ದೆ. ಈ ಸಲ ನೋಡಿದವನು ನಾನೇ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅದು ಕುಶಾಲನಗರದಿಂದ ಹೆಚ್ಚು ದೂರದಲ್ಲಿಲ್ಲ ಎಂದಷ್ಟೇ ಹೇಳಬಹುದು.

ನಮ್ಮದು ಹಾಸನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಬೇಸಾಯದ ಮನೆ. ನನ್ನ ಹೆಂಡತಿ ಸುಮಾ ಗಾಳಿಬೀಡಿನವಳು, ಅರೆಭಾಷೆ ಗೌಡರ ಮನೆಯ ಮಗಳು. ಅತ್ತೆ ಅಲ್ಲಿಯೇ, ಮಗ ಮೋನಪ್ಪ ಭಾವನ ಜೊತೆ ಇದ್ದಾರೆ. ಮನೆಯ ಮೇಲಿನ ಇಳಿಜಾರಿನಲ್ಲಿ ಕಾಫಿ ಇದೆ. ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದರೆ ಅತ್ತೆ ಆಳುಗಳಿಗಿಂತ ಮೊದಲು ತೋಟಕ್ಕೆ ಹೋಗಿ ನಿಲ್ಲುವ ಹೆಂಗಸು. ಆ ವರ್ಷ ಮಾತ್ರ ಇಳಿಜಾರು ಹತ್ತುವಾಗ ನಡುವೆ ಎರಡು ಕಡೆ ಕೂರುತ್ತಿದ್ದರು. ಕೆಮ್ಮು ಬಿಡಲಿಲ್ಲ. ಪರೀಕ್ಷೆಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಗೆಡ್ಡೆ ಸಿಕ್ಕಿತು. ಕ್ಯಾನ್ಸರ್ ಎಂದು ಖಚಿತವಾಯಿತು. ಹೃದಯ ಗಟ್ಟಿ ಇಲ್ಲದ್ದರಿಂದ ಆಪರೇಷನ್ ಆಗುವುದಿಲ್ಲ ಎಂದರು. ಉಳಿದದ್ದು ವಿಕಿರಣ ಚಿಕಿತ್ಸೆ. ಗೆಡ್ಡೆ ಇನ್ನೂ ಅಂಚಿನಲ್ಲಿದೆ, ಒಳಗಿನ ದೊಡ್ಡ ಶ್ವಾಸನಾಳಕ್ಕೆ ಮುಟ್ಟಿಲ್ಲ, ಈಗ ಕೊಟ್ಟರೆ ಗುಣವಾಗುವ ಲೆಕ್ಕದಲ್ಲೇ ಕೊಡಬಹುದು, ತಡವಾದರೆ ನೋವು ಕಡಿಮೆ ಮಾಡುವುದಕ್ಕೆ ಮಾತ್ರ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅತ್ತೆಯ ಎದುರೇ ಹೇಳಿದರು. ಅವರು ಕೇಳಿಸಿಕೊಂಡು, "ಹಾಗಾದ್ರೆ ಕಾಫಿ ಒಣಗಿಸುವುದು ಮೋನಪ್ಪನ ಪಾಲಿಗೆ. ಈ ವರ್ಷ ಎಲ್ಲ ಹಸಿ ಹಸಿಯೇ ಗೋಣಿಗೆ ಹೋಗ್ತದೆ," ಎಂದರು. ಮೋನಪ್ಪ ಭಾವ ತಲೆ ತಗ್ಗಿಸಿ ನಕ್ಕರು.

ಆ ಆಸ್ಪತ್ರೆಯಲ್ಲಿ ವಿಕಿರಣದ ಲೆಕ್ಕ ಹಾಕುವ ಭೌತಶಾಸ್ತ್ರಜ್ಞೆ ಶಾಹಿನಾ. ವಿರಾಜಪೇಟೆಯವರು. ಮನೆಯಲ್ಲಿ ಮಲಯಾಳಂ, ಆಸ್ಪತ್ರೆಯಲ್ಲಿ ಕನ್ನಡ, ಯಂತ್ರದ ಮುಂದೆ ಕೂತಾಗ ಇಂಗ್ಲಿಷು. ಅವರ ಹೊಸ ಸ್ಕ್ಯಾನರಿನ ಬಗ್ಗೆ ಒಂದು ಲೇಖನ ಬರೆಯಬೇಕೆಂದು ನಾನು ಮೊದಲೇ ಕೇಳಿಕೊಂಡಿದ್ದೆ. ಹಾಗಾಗಿ ಅತ್ತೆಯ ಸ್ಕ್ಯಾನ್ ದಿನ ಸ್ಕ್ಯಾನ್ ಕೋಣೆಯ ಗಾಜಿನ ಈಚೆ ಕಡೆ, ಶಾಹಿನಾರ ಪಕ್ಕದಲ್ಲಿ ಕೂರಲು ಅನುಮತಿ ಸಿಕ್ಕಿತ್ತು.

ಅವರು ನನಗೆ ವಿವರಿಸಿದ್ದು ಇಷ್ಟು. ಸಾಮಾನ್ಯ ಸಿ.ಟಿ. ಚಿತ್ರ ದೇಹದ ಒಳಗನ್ನು ಕಪ್ಪು ಬಿಳುಪಿನಲ್ಲಿ ತೋರಿಸುತ್ತದೆ. ಆದರೆ ಚಿಕಿತ್ಸೆಯ ಕಿರಣ ದೇಹದೊಳಗೆ ಎಲ್ಲಿ ಎಷ್ಟು ಖರ್ಚಾಗುತ್ತದೆ ಎಂದು ತಿಳಿಯಬೇಕಾದರೆ ಅಲ್ಲಲ್ಲಿ ಎಲೆಕ್ಟ್ರಾನುಗಳು ಎಷ್ಟು ಒತ್ತಾಗಿವೆ ಎಂಬುದು ಗೊತ್ತಾಗಬೇಕು. ಕಿರಣ ಎದುರಾಗುವುದು ಅವುಗಳಿಗೇ. ಒಂದೇ ಬಲದ ಎಕ್ಸ್‌ರೇಯಲ್ಲಿ ತೆಗೆದ ಚಿತ್ರದಿಂದ ಅದನ್ನು ಅಂದಾಜು ಮಾಡಬೇಕಾಗುತ್ತದೆ. ಈ ಯಂತ್ರ ಅದೇ ಜಾಗವನ್ನು ಕಡಿಮೆ ಬಲದಲ್ಲೊಮ್ಮೆ, ಹೆಚ್ಚು ಬಲದಲ್ಲೊಮ್ಮೆ ನೋಡುತ್ತದೆ. ಎರಡನ್ನೂ ತಾಳೆ ಹಾಕಿದರೆ ಎಲೆಕ್ಟ್ರಾನ್ ಸಾಂದ್ರತೆ ನೇರವಾಗಿ ಸಿಗುತ್ತದೆ. ನೀರನ್ನು ಒಂದು ಎಂದು ಇಟ್ಟುಕೊಳ್ಳುತ್ತಾರೆ. ಎಲುಬು ಒಂದಕ್ಕಿಂತ ಹೆಚ್ಚು. ಗಾಳಿ ತುಂಬಿದ ಶ್ವಾಸಕೋಶ ಒಂದಕ್ಕಿಂತ ಬಹಳ ಕಡಿಮೆ. ಬರೀ ಗಾಳಿಯಾದರೆ ಹೆಚ್ಚುಕಡಿಮೆ ಸೊನ್ನೆ.

"ನಿಮ್ಮ ಅತ್ತೆಯ ಗೆಡ್ಡೆಯ ಸುತ್ತ ಇರುವುದೆಲ್ಲ ಗಾಳಿ ತುಂಬಿದ ಜಾಗ," ಎಂದರು ಶಾಹಿನಾ. "ಗಾಳಿ ಇದ್ದಲ್ಲಿ ಮಾಂಸ ಇದೆ ಅಂತ ಯಂತ್ರ ಹೇಳಿಬಿಟ್ಟರೆ ನನ್ನ ಲೆಕ್ಕ ಪೂರ್ತಿ ಹಾಳು. ಗೆಡ್ಡೆಗೆ ಬೀಳಬೇಕಾದ್ದು ಬೀಳುವುದಿಲ್ಲ, ಬೀಳಬಾರದ ಕಡೆ ಬೀಳ್ತದೆ." ಆ ಬೆಳಿಗ್ಗೆ ರೋಗಿಗಳು ಬರುವ ಮೊದಲೇ ಪರೀಕ್ಷಾ ಬಿಲ್ಲೆ ಇಟ್ಟು ಯಂತ್ರವನ್ನು ನೋಡಿದ್ದರು. ಎಲುಬು, ಯಕೃತ್ತು, ಶ್ವಾಸಕೋಶ ಇವುಗಳನ್ನು ಹೋಲುವ ತುಂಡುಗಳನ್ನು ಕೂರಿಸಿದ ದಪ್ಪ ಪ್ಲಾಸ್ಟಿಕ್ ಬಿಲ್ಲೆ ಅದು. ಎಲ್ಲ ಸರಿಯಾಗಿತ್ತು.

ಅತ್ತೆಯನ್ನು ಮಲಗಿಸಿ ಕೈಗಳನ್ನು ತಲೆಯ ಹಿಂದಿನ ಹಿಡಿಗೆ ಕೊಟ್ಟು ಸರಿಮಾಡುವಷ್ಟರಲ್ಲಿ ತಂತ್ರಜ್ಞ ಜೋಯಿ ಬೆವರಿದ್ದ. ಪ್ರತಿ ಸಲ ಕೆಮ್ಮು ಬಂದು ಅವರು ಅಲ್ಲಾಡುತ್ತಿದ್ದರು. ಪುನಃ ಗುರುತಿನ ಗೆರೆಗೆ ತರಬೇಕು. ಕೊನೆಗೆ ಕೆಮ್ಮು ನಿಂತಿತು. ಮೊದಲು ತೆಗೆಯುವ ಉದ್ದನೆಯ ಚಿತ್ರ ಪರದೆಯ ಮೇಲೆ ಬಂತು. ಕೆಳ ಅಂಚಿನಲ್ಲಿ, ಹೊಟ್ಟೆಯ ಪಕ್ಕಕ್ಕೆ, ಹೆಬ್ಬೆರಳಿನಷ್ಟು ದಪ್ಪದ ಏನೋ ಕಾಣಿಸಿತು.

ಜೋಯಿ ಮೈಕಿನಲ್ಲಿ ಕೇಳಿದ. "ಪೂವಮ್ಮಾ, ಸೊಂಟದಲ್ಲಿ ಎಂತ ಕಟ್ಟಿಕೊಂಡಿದ್ದೀರಿ?"

"ತೀರ್ಥದ ಕುಪ್ಪಿ."

"ಎಲ್ಲ ತೆಗೀಬೇಕು ಅಂತ ಹೇಳಿರ್ಲಿಲ್ವಾ ನಾನು?"

"ಚಿನ್ನ ತೆಗೀರಿ ಅಂದ್ರಿ. ತೆಗೆದೆ. ಕುಪ್ಪಿ ಚಿನ್ನವಾ?"

ಜೋಯಿ ನಮ್ಮ ಕಡೆ ತಿರುಗಿದ. ಶಾಹಿನಾ ಸ್ವಲ್ಪ ಯೋಚಿಸಿದರು. ಗಾಜು, ಲೋಹವಲ್ಲ. ಗೆಡ್ಡೆಯಿಂದ ದೂರ ಇದೆ, ಕಿರಣ ಹೋಗುವ ದಾರಿಯಲ್ಲೂ ಇಲ್ಲ. ಈಗ ಎಬ್ಬಿಸಿದರೆ ಮತ್ತೆ ಕೆಮ್ಮು, ಮತ್ತೆ ಎಲ್ಲ ಮೊದಲಿಂದ. "ಇರಲಿ ಬಿಡು," ಎಂದರು. "ನೀರಾದರೆ ಒಂದು ಅಂತ ತೋರಿಸಬೇಕು. ನನಗೂ ಒಂದು ಚೆಕ್ ಆಯ್ತು."

ಸ್ಕ್ಯಾನ್ ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಲೆಕ್ಕ ಮುಗಿದು ಸಾಂದ್ರತೆಯ ನಕ್ಷೆ ಬಂದ ಮೇಲೆ ಶಾಹಿನಾ ಎಲ್ಲಕ್ಕಿಂತ ಮೊದಲು ಸೀಸೆಯ ಹತ್ತಿರ ಹೋದರು. ಅಡ್ಡ ಸೀಳಿದಂತೆ ಕಾಣುವ ಚಿತ್ರದಲ್ಲಿ ಗಾಜಿನ ಬಿಳಿ ಬಳೆ, ಬಳೆಯೊಳಗೆ ಸಮನಾದ ಬೂದು ಬಣ್ಣ. ಬೂದು ಬಣ್ಣದ ನಡುವೆ ಚುಕ್ಕೆ ಇಟ್ಟರು. ಒಂದು ಎಂದು ಬಂತು. ಬೇರೆ ಕಡೆ ಇಟ್ಟರು. ಒಂದು. "ನಿಮ್ಮ ತೀರ್ಥಕ್ಕೆ ನೂರಕ್ಕೆ ನೂರು," ಎಂದು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಲೇಖನಕ್ಕೆ ಒಳ್ಳೆಯ ಆರಂಭ ಸಿಕ್ಕಿತು ಎಂದುಕೊಂಡೆ.

ಒಳಗೆ ಜೋಯಿ ಅತ್ತೆಯನ್ನು ಎಬ್ಬಿಸಿ ಕೂರಿಸುತ್ತ ಅದನ್ನೇ ಹೇಳಿದ. ಮೈಕ್ ಇನ್ನೂ ತೆರೆದಿದ್ದರಿಂದ ನಮಗೆ ಕೇಳುತ್ತಿತ್ತು.

"ನಿಮ್ಮ ಕುಪ್ಪಿ ನಮ್ಮ ಮಿಷನ್ನನ್ನೇ ಪಾಸ್ ಮಾಡಿಸಿತು ಪೂವಮ್ಮ. ಕುತ್ತಿಗೆವರೆಗೆ ನೀರು ಉಂಟು."

"ಯಾವುದರಲ್ಲಿ?"

"ಕುಪ್ಪಿಯಲ್ಲಿ."

ಅತ್ತೆ ಅವನ ಮುಖ ನೋಡಿದರು. ಆಮೇಲೆ ಸೊಂಟದ ಬಟ್ಟೆಗೆ ಕೈ ಹಾಕುತ್ತ, ತಮ್ಮ ಮನೆಮಾತಿನಲ್ಲಿ, "ಅದ್ರಲಿ ನೀರಿಲ್ಲೆ," ಎಂದರು.

ನಾನು ಒಳಗೆ ಹೋಗುವಷ್ಟರಲ್ಲಿ ಸೀಸೆ ಅವರ ಅಂಗೈಯಲ್ಲಿತ್ತು. ಹಳೆಯ ಕಾಲದ ಔಷಧಿ ಸೀಸೆ, ತೆಳು ಗಾಜು, ಬಿರಡೆಯ ಮೇಲೆ ಕೆಂಪು ಅರಗು. ನಾನು ಅದನ್ನು ಇಸಿದುಕೊಂಡು ದೀಪಕ್ಕೆ ಹಿಡಿದೆ. ತಲೆಕೆಳಗೆ ಮಾಡಿದೆ. ತಳದಲ್ಲಿ ನೀರು ಆರಿದ ಕಂದು ಕಲೆ ಮಾತ್ರ ಇತ್ತು. ಅರಗಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ನನ್ನ ಹಿಂದೆಯೇ ಬಂದ ಶಾಹಿನಾ ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. ನೇರ ಹೋಗಿ ಪರೀಕ್ಷಾ ಬಿಲ್ಲೆಯನ್ನು ತಂದು ಯಂತ್ರದ ಮೇಜಿನ ಮೇಲಿಟ್ಟರು.

ಬಿಲ್ಲೆಯ ಅಳತೆಗಳು ಬೆಳಿಗ್ಗೆಯಂತೆಯೇ ಬಂದವು.

ಸೀಸೆ ಬದಲಾಗಿರಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ಅತ್ತೆಯನ್ನು ಮಲಗಿಸಿದಾಗಿನಿಂದ ಎಬ್ಬಿಸುವ ತನಕ ಗಾಜಿನ ಮೂಲಕ ನಾನು ಅವರನ್ನು ನೋಡುತ್ತಲೇ ಇದ್ದೆ. ಕೈಗಳು ತಲೆಯ ಹಿಂದೆ ಇದ್ದವು. ಜೋಯಿಯನ್ನು ಬೇರೆಯಾಗಿ ಕೇಳಿದೆ, ಹೊರಗೆ ಕೂತಿದ್ದ ಸುಮಾಳನ್ನೂ ಭಾವನನ್ನೂ ಬೇರೆ ಬೇರೆಯಾಗಿ ಕೇಳಿದೆ. ಇನ್ನೊಂದು ಸೀಸೆಯ ಸುದ್ದಿಯೇ ಇರಲಿಲ್ಲ. ಬೇರೆ ರೋಗಿಯ ಚಿತ್ರ ಸೇರಿಕೊಂಡಿತೇ ಎಂದು ಶಾಹಿನಾ ನೋಡಿದರು. ಇಲ್ಲ. ಕಡಿಮೆ ಬಲದ ಚಿತ್ರದಲ್ಲೂ ನೀರು, ಹೆಚ್ಚು ಬಲದ ಚಿತ್ರದಲ್ಲೂ ನೀರು. ಲೆಕ್ಕ ಹಾಕುವಲ್ಲಿ ತಪ್ಪಾಗಿದ್ದರೆ ಒಂದರಲ್ಲಾದರೂ ಬೇರೆ ಬರಬೇಕಿತ್ತು ಎಂದರು.

ಆಮೇಲೆ ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಗಾಳಿ ಇರುವಲ್ಲಿ ನೀರು ತೋರಿಸಿದೆ ಸಾರ್. ಹತ್ತು ಇಂಚು ಮೇಲೆ ಶ್ವಾಸಕೋಶ ಇದೆ. ಅಲ್ಲಿ ತೋರಿಸಿದ್ದು ಸರಿ ಅಂತ ನಾನು ಯಾವ ಧೈರ್ಯದಲ್ಲಿ ಸಹಿ ಹಾಕಲಿ? ಇನ್ನೊಂದು ಸ್ಕ್ಯಾನ್ ಆಗದೆ ಟ್ರೀಟ್‌ಮೆಂಟ್ ಶುರು ಮಾಡುವ ಹಾಗಿಲ್ಲ." ಡಾಕ್ಟರೂ ಒಪ್ಪಿದರು. ಮುಂದಿನ ವಾರವೇ ಆಗಲಿ, ಅದಕ್ಕಿಂತ ತಡ ಬೇಡ ಎಂದರು.

ಅತ್ತೆ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತರು. ಮಡಿಕೇರಿ ದಾಟಿತು. ಗಾಳಿಬೀಡಿನ ತಿರುವಿನಲ್ಲಿ ಮಗನಿಗೆ ಹೇಳಿದರು, "ಇನ್ನು ಅಲ್ಲಿಗೆ ಹೋಗುವುದು ಬೇಡ."

ಕಾರಣ ಹೊರಗಿನವರಿಗೆ ಸುಲಭವಾಗಿ ಗೊತ್ತಾಗುವಂಥದ್ದಲ್ಲ. ಮದುವೆಯಾದ ಹೊಸದರಲ್ಲಿ ನನಗೂ ಗೊತ್ತಿರಲಿಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥವನ್ನು ಕೊಡಗಿನ ಮನೆಗಳಲ್ಲಿ ಮುಚ್ಚಿಟ್ಟುಕೊಳ್ಳುತ್ತಾರೆ. ಅದರ ಕೊನೆಯ ಕೆಲಸ, ಜೀವ ಹೋಗುವವರ ಬಾಯಿಗೆ ಹನಿ ಬಿಡುವುದು. ಆಸ್ಪತ್ರೆಗೆ ಹೊರಡುವವರ ಚೀಲದಲ್ಲಿ ಹೊಸ ತೀರ್ಥ ಇಟ್ಟರೆ ಅಪಶಕುನ ಎಂದು ಮನೆಯವರು ಬೈಯುತ್ತಾರೆ. ಇಡದೆ ಹೋಗಲು ಅತ್ತೆಗೆ ಧೈರ್ಯವಿರಲಿಲ್ಲ. ಯಂತ್ರದ ಕೋಣೆಯಲ್ಲಿ ಒಬ್ಬಳೇ ಇರುವಾಗ ಏನಾದರೂ ಆದರೆ ಎಂಬ ಹೆದರಿಕೆ. ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಮದುವೆಯ ವರ್ಷ ಅವರ ಅಪ್ಪ ತಂದುಕೊಟ್ಟ ಸೀಸೆ ಒಂದಿತ್ತು. ಅರಗು ಹಾಕಿದ್ದರೂ ಬಿರಡೆಯ ಸಂದಿನಲ್ಲಿ ವರ್ಷ ವರ್ಷ ಆರಿ ಆರಿ ಅದು ಎಂದೋ ಒಣಗಿತ್ತು. ಒಣಗಿದ್ದನ್ನು ತೆಗೆದುಕೊಂಡು ಹೋದರೆ ಯಾರಿಗೂ ಆಕ್ಷೇಪಣೆ ಇರುವುದಿಲ್ಲ. ತೀರ್ಥದ ಸೀಸೆ ಜೊತೆಗಿದ್ದಂತೆಯೂ ಆಯಿತು, ಸಾವನ್ನು ಕರೆಯದಂತೆಯೂ ಆಯಿತು.

ಈಗ ಒಣ ಸೀಸೆ ತುಂಬಿತು ಎಂದರೆ ಅವರ ಪಾಲಿಗೆ ಅರ್ಥ ಒಂದೇ. ಬೇಕಾದ ಹೊತ್ತು ಬಂದಿದೆ.

ನಾನೂ ಸುಮಾಳೂ ಗಾಳಿಬೀಡಿನಲ್ಲೇ ಉಳಿದೆವು. ಆ ಇಡೀ ವಾರ ಮನೆಯಲ್ಲಿ ಇದೇ ಮಾತು. ಭಾವ ಹೊಸ ಗಾಡಿಯ ಹೋಲಿಕೆ ಹಿಡಿದಿದ್ದರು. "ಹೊಸ ಮಿಷನ್ ಅಲ್ವಾ ಅವ್ವಾ, ಮೊದಲ ಸರ್ವೀಸ್ ಆಗುವವರೆಗೆ ಹಾಗೆಯೇ." ಅತ್ತೆ, "ನಿನ್ನ ಜೀಪಿಗೆ ಹದಿನೈದು ವರ್ಷ ಆಯ್ತು. ಇನ್ನೂ ಮೊದಲ ಸರ್ವೀಸ್ ಆಗ್ಲಿಲ್ಲೆಯಾ?" ಎಂದು ಬಾಯಿ ಮುಚ್ಚಿಸಿದರು. ಸುಮಾ ಅತ್ತಳು, ಬೈದಳು, ಊಟ ಬಿಟ್ಟಳು. ಅತ್ತೆ ಅವಳ ತಟ್ಟೆಯನ್ನು ತಾವೇ ತಂದು ಮುಂದಿಟ್ಟರು. ಆದರೆ ಬರುತ್ತೇನೆ ಎನ್ನಲಿಲ್ಲ. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ನಾನು ಏನೇನೋ ಹೇಳಿ ಸಮಯ ಕೇಳಿದೆ.

ಭಾನುವಾರ ಮಧ್ಯಾಹ್ನ ಕಾಫಿ ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಅತ್ತೆ ಕೂತಿದ್ದರು. ಹಣ್ಣು ಹರಡಿತ್ತು. ನನ್ನನ್ನು ಕರೆದರು. ಸುಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಏನೂ ಕಾಣಲಿಲ್ಲ, ಜೋಯಿ ತಮಾಷೆ ಮಾಡಿದ್ದು ಎಂದು ಹೇಳಿಬಿಡಿ ಎಂದು ಬೆಳಿಗ್ಗೆಯಷ್ಟೇ ನನ್ನ ಕೈ ಹಿಡಿದು ಕೇಳಿದ್ದಳು.

"ಪೇಪರಿನವರೇ, ಅಲ್ಲಿ ನೀವೂ ಇದ್ದಿರಿ," ಎಂದರು ಅತ್ತೆ. "ನೀರು ಕಂಡದ್ದು ಹೌದಾ?"

ಒಂದು ಸುಳ್ಳಿನಿಂದ ಕೆಲಸ ಆಗುತ್ತಿತ್ತು. ಅದು ನನಗೆ ಗೊತ್ತಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಅವರು ಕೇಳಿದ್ದು ಅಳಿಯನನ್ನಲ್ಲ, ನೋಡಿದವನನ್ನು.

"ಹೌದು ಅತ್ತೆ. ಕಂಡಿತು."

"ತುಂಬಾ?"

"ಕುತ್ತಿಗೆವರೆಗೆ."

ಅವರು ಕಾಲ್ಬೆರಳಿನಿಂದ ಒಂದೆರಡು ಹಣ್ಣುಗಳನ್ನು ಕಣದೊಳಕ್ಕೆ ತಳ್ಳಿದರು. "ನೀವು ಇಲ್ಲ ಅಂದಿದ್ರೆ ಸುಳ್ಳು ಅಂತ ನಾನು ಎದ್ದು ಒಳಗೆ ಹೋಗ್ತಿದ್ದೆ," ಎಂದರು. "ಆಯ್ತು. ಒಮ್ಮೆ ಬರ್ತೇನೆ. ಕುಪ್ಪಿ ಹಾಗೆಯೇ ಕಟ್ಟಿಕೊಂಡು ಮಲಗ್ತೇನೆ. ಈ ಸಲವೂ ನೀರಿದ್ರೆ ನನ್ನನ್ನು ಯಾರೂ ಕರೀಬಾರದು. ಇಲ್ಲದಿದ್ರೆ ನೀವು ಹೇಳಿದ ಹಾಗೆ."

ಶಾಹಿನಾರಿಗೆ ಫೋನಿನಲ್ಲಿ ಈ ಷರತ್ತು ಹೇಳುವಾಗ ನನಗೆ ಮುಜುಗರವಾಯಿತು. ಅವರು, "ಸೀಸೆ ತನ್ನಿ ಅಂತ ನಾನೇ ಕೇಳಬೇಕೆಂದಿದ್ದೆ ಸಾರ್. ನನಗೂ ಅದು ಬೇಕು," ಎಂದರು.

ಹೊರಡುವ ಹಿಂದಿನ ದಿನ ಸುಮಾ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿದಳು. ಪರದೆಯ ಮೇಲೆ ಏನೇ ಬರಲಿ, ಖಾಲಿ ಎಂದೇ ಹೇಳಬೇಕು ಎಂದಳು. ನೀವು ಹೂಂ ಎನ್ನುವವರೆಗೆ ಇಲ್ಲಿಂದ ಬಿಡುವುದಿಲ್ಲ ಎಂದಳು. ನಾನು ಹೂಂ ಎಂದೆ. ಆ ಹೂಂ ಅನ್ನು ನಡೆಸುತ್ತಿದ್ದೆನೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

ಎರಡನೆಯ ಸ್ಕ್ಯಾನಿಗೆ ಮೊದಲು ನಾನು, ಶಾಹಿನಾ, ಜೋಯಿ ಮೂವರೂ ಸೀಸೆಯನ್ನು ಕೈಯಲ್ಲಿ ಹಿಡಿದು ನೋಡಿದೆವು. ಒಣಗಿತ್ತು. ಜೋಯಿ ಅದರ ಫೋಟೋ ತೆಗೆದ. ಸುಮಾ ಅದನ್ನು ಅಮ್ಮನ ಸೊಂಟಕ್ಕೆ ಮೊದಲಿನ ಜಾಗದಲ್ಲೇ ಕಟ್ಟಿ ಹೊರಗೆ ಹೋದಳು. ಅತ್ತೆ ಈ ಸಲ ಕೆಮ್ಮಲಿಲ್ಲ. ಕೈಗಳನ್ನು ತಲೆಯ ಹಿಂದೆ ಕೊಟ್ಟು ಸೂರನ್ನು ನೋಡುತ್ತ ಮಲಗಿದರು. ಮೇಜು ನಿಧಾನವಾಗಿ ಯಂತ್ರದ ಬಳೆಯೊಳಗೆ ಸರಿಯಿತು.

ಚಿತ್ರಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬರುತ್ತವೆ. ಕೊರಳ ಮೂಳೆ ಬಂತು. ಎರಡು ಶ್ವಾಸಕೋಶಗಳು ಕಪ್ಪಗೆ ತೆರೆದುಕೊಂಡವು. ಬಲಗಡೆ ಗೆಡ್ಡೆ ಬಂತು, ಹೋಯಿತು. ಹೃದಯದ ಕೆಳಗಿನ ತುದಿ ಬಂತು. ಯಕೃತ್ತು ಹರಡಿಕೊಂಡಿತು. ಸೀಸೆ ಬರಲು ಇನ್ನೂ ಎಷ್ಟೋ ಚಿತ್ರಗಳಿದ್ದವು. ಶಾಹಿನಾ ಕುರ್ಚಿಯಿಂದ ಎದ್ದು ನಿಂತಿದ್ದರು. ಜೋಯಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದ. ಬೇರೆಯವರ ಮನೆಯ ಎಷ್ಟೋ ಫಲಿತಾಂಶಗಳಿಗೆ ನಾನು ಬಾಗಿಲ ಹೊರಗೆ ಕಾದಿದ್ದೇನೆ. ಚುನಾವಣೆಯ ಎಣಿಕೆ, ಕೋರ್ಟಿನ ತೀರ್ಪು, ಗುಡ್ಡ ಕುಸಿದಲ್ಲಿ ಮಣ್ಣು ತೆಗೆಯುವುದು. ಆ ಹೊತ್ತಿನಲ್ಲಿ ನನಗೆ ಅದ್ಯಾವುದರ ಅಭ್ಯಾಸವೂ ನೆರವಿಗೆ ಬರಲಿಲ್ಲ.

ಗಾಜಿನ ಬಿಳಿ ಬಳೆ ಬಂತು. ಒಳಗೆ ಕಪ್ಪು.

ಶಾಹಿನಾ ಚುಕ್ಕೆ ಇಟ್ಟರು. ಹೆಚ್ಚುಕಡಿಮೆ ಸೊನ್ನೆ. ಆಮೇಲೆ ಮೊದಲ ಸ್ಕ್ಯಾನನ್ನು ಪಕ್ಕದಲ್ಲಿ ತೆರೆದು ಶ್ವಾಸಕೋಶ, ಗೆಡ್ಡೆ, ಬೆನ್ನುಮೂಳೆ, ಯಕೃತ್ತು ಎಲ್ಲ ಕಡೆ ಒಂದರ ನಂತರ ಒಂದು ತಾಳೆ ನೋಡಿದರು. ಎಲ್ಲ ಅಂಕಿಗಳೂ ಎರಡರಲ್ಲೂ ಒಂದೇ. ಸೀಸೆಯ ಒಳಗು ಮಾತ್ರ ಬೇರೆ. "ಶ್ವಾಸಕೋಶ ಅವತ್ತೂ ಸರಿ ಇತ್ತು," ಎಂದು ತಮಗೆ ತಾವೇ ಹೇಳಿಕೊಂಡು ಕೂತರು.

ನಾನು ಒಳಗೆ ಹೋಗಿ ಅತ್ತೆಗೆ ಹೇಳಿದೆ. "ಖಾಲಿ."

ಅವರು ಮೇಜಿನ ಅಂಚಿನಲ್ಲಿ ಕೂತು ನನ್ನ ಮುಖವನ್ನು ಚೆನ್ನಾಗಿ ನೋಡಿದರು. "ಸುಮಾ ಹೇಳಿಕೊಟ್ಟದ್ದಾ?"

"ಇಲ್ಲ ಅತ್ತೆ. ನಿಜವಾಗಿಯೂ ಖಾಲಿ."

"ಅಡುಗೆಮನೆ ಗೋಡೆಯ ಆಚೆ ನನ್ನ ಮಂಚ ಇರುವುದು. ಹೂಂ ಅಂದದ್ದು ಕೇಳಿತು."

ಕಣದಲ್ಲಿ ಹೇಳಿದ ನಿಜವನ್ನು ನಂಬಿ ಬಂದವರು ಇಲ್ಲಿ ಹೇಳಿದ ನಿಜವನ್ನು ನಂಬಲಿಲ್ಲ. ತಪ್ಪು ನನ್ನದೇ. ಅವರು ಕಾಲಿಗೆ ಚಪ್ಪಲಿ ಹುಡುಕತೊಡಗಿದರು. ಮನೆಗೆ ಹೊರಟರು ಎಂದು ತಿಳಿಯಿತು.

ಬಾಗಿಲಲ್ಲಿ ನಿಂತಿದ್ದ ಶಾಹಿನಾ ಮುಂದೆ ಬಂದರು. "ಅಮ್ಮಾ, ಅವರ ಮಾತು ಬಿಡಿ. ನೀವೇ ಬಂದು ನೋಡಿ," ಎಂದು ಕೈ ಹಿಡಿದು ಈಚೆಗೆ ಕರೆತಂದರು. ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಅತ್ತೆ ಪರದೆಯ ಮುಂದೆ ಕೂತರು. ಶಾಹಿನಾ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರು. "ಇದು ಅವತ್ತಿನದ್ದು. ಇದು ಇವತ್ತಿನದ್ದು. ಈ ಬಿಳಿ ಬಳೆ ನಿಮ್ಮ ಕುಪ್ಪಿ. ಇಲ್ಲಿ ಬೂದು ಇರುವುದು ನೀರು. ಇಲ್ಲಿ ಕಪ್ಪು ಇರುವುದು ಗಾಳಿ." ತೋರಿಸಲು ಇದ್ದ ಮತ್ತೇನನ್ನೂ ಅವರು ತೋರಿಸಲಿಲ್ಲ. ಗೆಡ್ಡೆ ಇದ್ದ ಚಿತ್ರಕ್ಕೆ ಹೋಗಲಿಲ್ಲ.

ಅತ್ತೆ ಬಹಳ ಹೊತ್ತು ನೋಡಿದರು. ಬೆರಳಿನಿಂದ ಬೂದು ಬಣ್ಣವನ್ನು ಮುಟ್ಟಿದರು, ಕಪ್ಪನ್ನು ಮುಟ್ಟಿದರು. ಆಮೇಲೆ ತಮ್ಮ ಕೈಯಲ್ಲಿದ್ದ ಸೀಸೆಯ ಅರಗನ್ನು ಉಗುರಿನಿಂದ ಸುತ್ತಲೂ ಸವರಿದರು.

"ಅರಗು ಒಡೆದಿಲ್ಲ," ಎಂದರು.

"ಇಲ್ಲಮ್ಮ."

"ಹಾಗಾದ್ರೆ ಕುಡಿದದ್ದು ಯಾರು?"

ಜೋಯಿ ನನ್ನನ್ನು ನೋಡಿದ. ನಾನು ಶಾಹಿನಾರನ್ನು ನೋಡಿದೆ.

"ಯಾರಿಗೋ ಬೇಕಾಗಿತ್ತು, ಕುಡಿದಾಯ್ತು," ಎಂದರು ಅತ್ತೆ. ಅವರ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ತೋಟದ ಕೆಲಸ ಯಾರ ಪಾಲಿಗೆ ಬಿತ್ತು ಎಂದು ಹೇಳುವಾಗಿನ ದನಿ ಅದು. "ನನ್ನ ಬಾಯಿಗಂತೂ ಬೀಳಲಿಲ್ಲ. ಯಾವಾಗಿಂದ ಬರಬೇಕು ಹೇಳು ಮಗಳೇ. ಪಿಕ್ಕಿಂಗ್ ಮುಗಿಯುವ ಮೊದಲು ಆಗ್ತದಾ?"

ಶಾಹಿನಾ ಆ ದಿನವೇ ಯೋಜನೆಯ ಕೆಲಸ ಶುರು ಮಾಡಿದರು. ಡಾಕ್ಟರು ಹೇಳಿದ್ದ ವಾಯಿದೆಯೊಳಗೆ ಚಿಕಿತ್ಸೆ ಆರಂಭವಾಯಿತು. ಭಾವ ದಿನವೂ ಜೀಪಿನಲ್ಲಿ ಕರೆದುಕೊಂಡು ಬರುತ್ತಿದ್ದರು. ನಡುವೆ ನುಂಗಲು ಕಷ್ಟವಾಯಿತು, ಗಂಜಿಯಲ್ಲೇ ದಿನ ಕಳೆದರು. ಒಂದು ದಿನವೂ ತಪ್ಪಿಸಲಿಲ್ಲ. ಸೀಸೆಯನ್ನು ಮತ್ತೆ ತರಲಿಲ್ಲ.

ಯಾರು ಕುಡಿದದ್ದು ಎಂಬ ಪ್ರಶ್ನೆಯನ್ನು ಅತ್ತೆ ಅಲ್ಲಿಗೇ ಬಿಟ್ಟರು. ನಾನು ಬಿಡಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎರಡು ಸ್ಕ್ಯಾನುಗಳ ನಡುವಿನ ದಿನಗಳಲ್ಲಿ ಆ ಆಸ್ಪತ್ರೆಯಲ್ಲಿ ಸಾವು ಆಗಿದೆಯೇ ಎಂದು ವಿಚಾರಿಸಿದ್ದೇನೆ. ಆಗಿರಲಿಲ್ಲ. ಅತ್ತೆಯ ತವರಿನಲ್ಲಿ ಆಗಿರಲಿಲ್ಲ, ಗಂಡನ ಕಡೆಯೂ ಆಗಿರಲಿಲ್ಲ, ನಮ್ಮ ಬಳಗದಲ್ಲೂ ಇಲ್ಲ. ಗಾಳಿಬೀಡಿನಲ್ಲಿ ಆ ವಾರ ಒಂದು ಮದುವೆ ನಡೆದಿತ್ತು. ಅಷ್ಟೇ.

ಸ್ಕ್ಯಾನರಿನ ಕಂಪನಿಯಿಂದ ಇಂಜಿನಿಯರ್ ಬಂದು ನೋಡಿದರು. ಯಂತ್ರದಲ್ಲಿ ದೋಷವಿಲ್ಲ ಎಂದು ಬರೆದುಕೊಟ್ಟರು. ಸೀಸೆಯಲ್ಲಿ ನೀರಿತ್ತು, ನೀವು ಗಮನಿಸಿಲ್ಲ ಎಂದು ನಗುತ್ತ ಹೇಳಿ ಹೋದರು. ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಹೇಳುತ್ತಿದ್ದೆ. ಅತ್ತೆಯ ಒಪ್ಪಿಗೆ ಪಡೆದು ಶಾಹಿನಾ ಆ ಸೀಸೆಯೊಂದನ್ನೇ ಮೇಜಿನ ಮೇಲಿಟ್ಟು ಬೇರೆ ಬೇರೆ ದಿನ ಸ್ಕ್ಯಾನ್ ಮಾಡಿದ್ದಾರೆ. ಪ್ರತಿ ಸಲವೂ ಒಳಗೆ ಗಾಳಿ. ಮೊದಲ ದಿನದ ಚಿತ್ರ ಈಗಲೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿದೆ. ನಾನು ಕೇಳಿದಾಗಲೆಲ್ಲ ಅವರು ತೆರೆದು ತೋರಿಸಿದ್ದಾರೆ. ಅದರಲ್ಲಿ ನೀರು ಇದೆ. ನಾನು ಬರೆಯಬೇಕೆಂದಿದ್ದ ಲೇಖನವನ್ನು ಬರೆಯಲಿಲ್ಲ. ಈ ಸಂಗತಿ ಬಿಟ್ಟು ಬರೆಯಲು ಮನಸ್ಸಾಗಲಿಲ್ಲ, ಸೇರಿಸಿ ಬರೆಯಲು ಧೈರ್ಯವಿರಲಿಲ್ಲ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯ ತಪಾಸಣೆ ಆಯಿತು. ಗೆಡ್ಡೆ ಇದ್ದ ಜಾಗದಲ್ಲಿ ಗಾಯ ಮಾಗಿದ ಗುರುತು ಮಾತ್ರ ಇದೆ, ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು ಎಂದರು. ಮನೆಗೆ ಬಂದು ಅತ್ತೆ ಸುಮಾಳೊಡನೆ, ಆ ಕುಪ್ಪಿಯನ್ನು ಇನ್ನು ಇಟ್ಟುಕೊಳ್ಳುವುದು ಬೇಡ, ಹೊಳೆಗೆ ಬಿಡುತ್ತೇನೆ ಎಂದರು.

ತುಲಾ ಸಂಕ್ರಮಣದ ಮರುದಿನ ಬೆಳಿಗ್ಗೆ ಅವರನ್ನು ಕುಶಾಲನಗರದಲ್ಲಿ ಕಾವೇರಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಸೀಸೆ ನನ್ನ ಕೈಯಲ್ಲಿತ್ತು. ಬಿಸಿಲಿಗೆ ಹಿಡಿದು ನೋಡಿದೆ. ಒಣಗಿತ್ತು, ಹಗುರವಾಗಿತ್ತು, ಅರಗು ಹಾಗೆಯೇ ಇತ್ತು. ಮೆಟ್ಟಿಲಿನ ಬುಡದಲ್ಲಿ ನೀರು ನಿಂತಂತಿತ್ತು, ತಳದ ಮರಳು ಕಾಣುತ್ತಿತ್ತು. ಅತ್ತೆ ಸುಮಾಳ ಕೈ ಹಿಡಿದು ಕೊನೆಯ ಮೆಟ್ಟಿಲಿಗೆ ಇಳಿದರು. ಬಗ್ಗಿ, ತೇಲಿ ಹೋಗಲೆಂದು ಖಾಲಿ ಸೀಸೆಯನ್ನು ನೀರಿನ ಮೇಲೆ ಮೆಲ್ಲಗೆ ಮಲಗಿಸಿ ಕೈ ಬಿಟ್ಟರು.

ಸೀಸೆ ತೇಲಲಿಲ್ಲ. ನೇರ ತಳಕ್ಕೆ ಇಳಿದು ಮರಳಿನ ಮೇಲೆ ಕೂತಿತು.